ಬಿಸಿಲೂರಿನಲ್ಲಿ ಕಾರಿನ ಮೈಲೇಜ್: ಬೆಳಿಗ್ಗೆಯೇ ಟೈರಿನ ಗಾಳಿ ಪರೀಕ್ಷಿಸಿ

ಕಲಬುರಗಿ: ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ನಗರದಲ್ಲಿ ಮಧ್ಯಮ ಗಾತ್ರದ ಕಾರಿನ ಇಂಧನ ವೆಚ್ಚ ತಗ್ಗಿಸಲು ಮೊದಲು ಗಮನಿಸಬೇಕಾದುದು ಟೈರಿನ ಗಾಳಿ.

ಉಷ್ಣಾಂಶ 10 ಡಿಗ್ರಿ ಏರಿದರೆ ಟೈರಿನೊಳಗಿನ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚುತ್ತದೆ. ಆದ್ದರಿಂದ ಮಧ್ಯಾಹ್ನ ಅಳೆದಾಗ ಸರಿಯಾಗಿ ಕಾಣುವ ಗಾಳಿ ವಾಸ್ತವದಲ್ಲಿ ಕಡಿಮೆಯಿರಬಹುದು. ಗಾಳಿ ತಗ್ಗಿದ ಟೈರು ಉರುಳಲು ಎಂಜಿನ್ ಹೆಚ್ಚು ಇಂಧನ ಸುಡಬೇಕಾಗುತ್ತದೆ. ಖೂಬಾ ಪ್ಲಾಟ್‌ನಂತಹ ಬಡಾವಣೆಗಳ ನಿವಾಸಿಗಳು ಬೆಳಿಗ್ಗೆ ಟೈರು ತಂಪಾಗಿರುವಾಗಲೇ ಹತ್ತಿರದ ಬಂಕ್‌ನಲ್ಲಿ ಪರೀಕ್ಷಿಸಿಕೊಳ್ಳುವುದು ಒಳಿತು. ಬಿಸಿ ಟೈರಿನಿಂದ ಗಾಳಿ ಹೊರಬಿಡಬಾರದು.

ಕಮಲಾಪುರದ ಕಡೆಗಿನ ಹೆದ್ದಾರಿಯಲ್ಲಿ ವೇಗವನ್ನು ಗಂಟೆಗೆ 80 ಕಿ.ಮೀ.ಯಿಂದ 100ಕ್ಕೆ ಏರಿಸಿದರೆ ಎದುರು ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಇನ್ನು ನಿಂತ ಕಾರಿನಲ್ಲಿ ಎ.ಸಿ.ಗಾಗಿ ಎಂಜಿನ್ ಚಾಲೂ ಇಟ್ಟರೆ ಮೈಲೇಜ್ ಶೂನ್ಯ.