ಉದ್ದ ಹೆಚ್ಚಿದಷ್ಟೂ ಆಟ ಕಠಿಣವೇ?

ಅಮೆರಿಕದ ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿರುವ ಮೆರಿಯನ್ ಗಾಲ್ಫ್ ಮೈದಾನದಲ್ಲಿ 2013ರ ಯು.ಎಸ್. ಓಪನ್ ಪಂದ್ಯಾವಳಿ ನಡೆಯಲಿದೆ ಎಂದಾಗ ಹಲವರು ಮೂಗು ಮುರಿದಿದ್ದರು. 1912ರಲ್ಲಿ ಆರಂಭವಾದ ಈ ಹಳೆಯ ಮೈದಾನದ ಒಟ್ಟು ಉದ್ದ 6,996 ಗಜ ಮಾತ್ರ. ಚೆಂಡನ್ನು ಮುನ್ನೂರು ಗಜ ದೂರ ಅಟ್ಟುವ ಈ ಕಾಲದ ಆಟಗಾರರಿಗೆ ಇದು ಯಾವ ಲೆಕ್ಕ ಎಂಬುದು ಅವರ ವಾದವಾಗಿತ್ತು. ಆದರೆ ನಾಲ್ಕು ದಿನಗಳ ಆಟ ಮುಗಿದಾಗ ಒಬ್ಬನೇ ಒಬ್ಬ ಆಟಗಾರನ ಒಟ್ಟು ಮೊತ್ತವೂ ಪಾರ್‌ಗಿಂತ ಕೆಳಗಿರಲಿಲ್ಲ. ಗೆದ್ದ ಇಂಗ್ಲೆಂಡಿನ ಜಸ್ಟಿನ್ ರೋಸ್ ಅವರಿಗೆ ಬೇಕಾದದ್ದು 281 ಹೊಡೆತಗಳು. ಅದು ಪಾರ್‌ಗಿಂತ ಒಂದು ಹೆಚ್ಚು.

ನಾಲ್ಕು ವರ್ಷಗಳ ನಂತರ, 2017ರಲ್ಲಿ, ಇದೇ ಪಂದ್ಯಾವಳಿ ವಿಸ್ಕಾನ್ಸಿನ್ ರಾಜ್ಯದ ಎರಿನ್ ಹಿಲ್ಸ್‌ಗೆ ಹೋಯಿತು. ಅಲ್ಲಿನ ಉದ್ದ 7,741 ಗಜ. ಯು.ಎಸ್. ಓಪನ್ ಇತಿಹಾಸದಲ್ಲಿ ಅಷ್ಟು ಉದ್ದದ ಮೈದಾನವನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಆಟಗಾರರು ಏದುಸಿರು ಬಿಡಬಹುದೆಂದು ನಿರೀಕ್ಷಿಸಿದ್ದವರಿಗೆ ಕಂಡದ್ದೇ ಬೇರೆ. ಬ್ರೂಕ್ಸ್ ಕೆಪ್ಕಾ 272 ಹೊಡೆತಗಳಲ್ಲಿ, ಅಂದರೆ ಪಾರ್‌ಗಿಂತ 16 ಕಡಿಮೆ ಹೊಡೆತಗಳಲ್ಲಿ ಗೆದ್ದರು. ಅಂದು 31 ಮಂದಿ ಪಾರ್‌ಗಿಂತ ಕೆಳಗೆ ಆಟ ಮುಗಿಸಿದರು.

ಮೈದಾನ 745 ಗಜ ಉದ್ದವಾಯಿತು, ವಿಜೇತನ ಹೊಡೆತ ಮಾತ್ರ ಒಂಬತ್ತು ಕಡಿಮೆಯಾಯಿತು! ಹಾಗಾದರೆ ಗಾಲ್ಫ್ ಮೈದಾನದ ಕಾಠಿಣ್ಯವನ್ನು ನಿರ್ಧರಿಸುವುದು ಯಾವುದು?

ಪಾರ್ ಎಂಬ ಅಳತೆ

ಗಾಲ್ಫ್ ಪರಿಚಯವಿಲ್ಲದವರಿಗೆ ಒಂದೆರಡು ಮಾತು ಅಗತ್ಯ. ಪೂರ್ಣ ಪ್ರಮಾಣದ ಮೈದಾನದಲ್ಲಿ 18 ಹೋಲ್‌ಗಳಿರುತ್ತವೆ. ಪ್ರತಿ ಹೋಲ್‌ಗೂ 'ಟೀ' ಎಂಬ ಆರಂಭದ ಜಾಗ, ನಡುವೆ ಹುಲ್ಲು ಕತ್ತರಿಸಿದ 'ಫೇರ್‌ವೇ' ಎಂಬ ಹಾದಿ, ಕೊನೆಯಲ್ಲಿ ನುಣುಪಾದ 'ಗ್ರೀನ್', ಅದರೊಳಗೆ ಗುಳಿ. ಹಾದಿಯ ಪಕ್ಕದ ಎತ್ತರದ ಹುಲ್ಲಿಗೆ 'ರಫ್' ಎಂದೂ ಮರಳಿನ ಹೊಂಡಕ್ಕೆ 'ಬಂಕರ್' ಎಂದೂ ಹೆಸರು. ನುರಿತ ಆಟಗಾರನೊಬ್ಬ ಚೆಂಡನ್ನು ಗುಳಿಗೆ ಸೇರಿಸಲು ಎಷ್ಟು ಹೊಡೆತ ಸಾಕು ಎಂಬ ಅಂದಾಜೇ 'ಪಾರ್'.

ಗಮನಿಸಬೇಕಾದ ಸಂಗತಿಯೆಂದರೆ, ಪಾರ್ ನಿಗದಿಯಾಗುವುದೇ ಮುಖ್ಯವಾಗಿ ಉದ್ದದ ಮೇಲೆ. ಪುರುಷರಿಗೆ ಸುಮಾರು 250 ಗಜದವರೆಗಿನ ಹೋಲ್‌ಗೆ ಮೂರು, ಅದಕ್ಕಿಂತ ಉದ್ದವಾದರೆ ನಾಲ್ಕು, ಇನ್ನೂ ಉದ್ದವಾದರೆ ಐದು. ಉದ್ದ ಹೆಚ್ಚಿದರೆ ಪಾರ್ ಕೂಡ ಹೆಚ್ಚಬಹುದು. 550 ಗಜದ ಪಾರ್ 5 ಹೋಲ್‌ನಲ್ಲಿ ಬಲಿಷ್ಠ ಆಟಗಾರ ಎರಡೇ ಹೊಡೆತದಲ್ಲಿ ಗ್ರೀನ್ ತಲುಪಿ ಪಾರ್‌ಗಿಂತ ಒಂದು ಹೊಡೆತ ಉಳಿಸುತ್ತಾನೆ. 450 ಗಜದ ಪಾರ್ 4 ಹೋಲ್‌ನಲ್ಲಿ ಆ ಅನುಕೂಲ ಅವನಿಗಿಲ್ಲ. ಉದ್ದವಾದ ಹೋಲೇ ಸುಲಭವಾಗುವ ವಿಚಿತ್ರ ಹುಟ್ಟುವುದು ಹೀಗೆ.

ಮೆರಿಯನ್‌ನ ಒಟ್ಟು ಉದ್ದ ಕಡಿಮೆಯಿದ್ದರೂ ಅದು ಎಲ್ಲೆಡೆ ಒಂದೇ ಸಮ ಹಂಚಿಕೆಯಾಗಿರಲಿಲ್ಲ. 13ನೆಯ ಹೋಲ್ ಕೇವಲ 115 ಗಜ. 18ನೆಯದು 521 ಗಜವಿದ್ದೂ ಪಾರ್ ನಾಲ್ಕೇ. ಪಾರ್ 3 ಆದ ಮೂರನೆಯ ಹೋಲ್‌ನ ಉದ್ದ 256 ಗಜ. ಜೊತೆಗೆ ಹಾದಿ ಕಿರಿದು, ರಫ್ ದಟ್ಟ, ಗ್ರೀನ್ ಇಳಿಜಾರು. ಎರಿನ್ ಹಿಲ್ಸ್‌ನಲ್ಲಾದರೋ ಫೇರ್‌ವೇ ವಿಶಾಲವಾಗಿತ್ತು. ಮಳೆಯಿಂದ ಗ್ರೀನ್ ಮೆತ್ತಗಾಗಿ, ಬಿದ್ದ ಚೆಂಡು ಬಿದ್ದಲ್ಲೇ ನಿಲ್ಲುತ್ತಿತ್ತು. ಒಟ್ಟು ಉದ್ದವೆಂಬ ಒಂದು ಅಂಕಿಯಲ್ಲಿ ಈ ಯಾವುದೂ ಕಾಣುವುದಿಲ್ಲ.

ಅಂಚೆಚೀಟಿಯ ಪ್ರತಾಪ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತಿಗೆ ಸ್ಕಾಟ್ಲೆಂಡಿನ ರಾಯಲ್ ಟ್ರೂನ್ ಮೈದಾನದ ಎಂಟನೆಯ ಹೋಲ್ ಒಳ್ಳೆಯ ನಿದರ್ಶನ. ಅದರ ಉದ್ದ ಕೇವಲ 123 ಗಜ. ಗ್ರೀನ್ ಎಷ್ಟು ಕಿರಿದೆಂದರೆ ಆ ಹೋಲ್‌ಗೆ 'ಅಂಚೆಚೀಟಿ' ಎಂದೇ ಹೆಸರು. ಸುತ್ತಲಿನ ಬಂಕರ್‌ಗಳಲ್ಲಿ ಒಂದಕ್ಕೆ 'ಶವಪೆಟ್ಟಿಗೆ' ಎಂಬ ಅಡ್ಡಹೆಸರಿದೆ. 1950ರ ಓಪನ್ ಪಂದ್ಯಾವಳಿಯಲ್ಲಿ ಜರ್ಮನಿಯ ಹವ್ಯಾಸಿ ಆಟಗಾರ ಹರ್ಮನ್ ಟಿಸ್ಸೀಸ್ ಇಲ್ಲಿ ಒಂದು ಬಂಕರ್‌ನಿಂದ ಇನ್ನೊಂದಕ್ಕೆ ಚೆಂಡು ಅಟ್ಟುತ್ತಾ 15 ಹೊಡೆತ ತೆಗೆದುಕೊಂಡರು. 1973ರಲ್ಲಿ ಅದೇ ಹೋಲ್‌ನಲ್ಲಿ 71 ವರ್ಷದ ಜೀನ್ ಸಾರಜನ್ ಒಂದೇ ಹೊಡೆತದಲ್ಲಿ ಚೆಂಡನ್ನು ಗುಳಿಗೆ ಸೇರಿಸಿದರು. ಮರುದಿನ ಅವರ ಚೆಂಡು ಬಂಕರ್‌ಗೆ ಬಿತ್ತು. ಅಲ್ಲಿಂದಲೇ ನೇರ ಗುಳಿಗೆ ಹೊಡೆದು ಎರಡರಲ್ಲಿ ಮುಗಿಸಿದರು. ಇಲ್ಲಿ ಗೆಲ್ಲಿಸಿದ್ದು ತೋಳ್ಬಲವಲ್ಲ, ಕೈಯ ಹದ.

ಅಮೆರಿಕದ ಅಗಸ್ಟಾ ನ್ಯಾಷನಲ್ ಮೈದಾನದ 12ನೆಯ ಹೋಲ್‌ನದೂ ಇದೇ ಕಥೆ. 155 ಗಜದಾಚೆಯ ಆ ಅಗಲವಿಲ್ಲದ ಗ್ರೀನ್‌ನ ಮುಂದೆ ತೊರೆ, ಹಿಂದೆ ಬಂಕರ್, ಮೇಲೆ ಯಾವ ಕ್ಷಣಕ್ಕೆ ಎತ್ತ ತಿರುಗುತ್ತದೆಂದು ಹೇಳಲಾಗದ ಗಾಳಿ. 2016ರ ಮಾಸ್ಟರ್ಸ್‌ನ ಕೊನೆಯ ದಿನ ಮುನ್ನಡೆಯಲ್ಲಿದ್ದ ಜೋರ್ಡನ್ ಸ್ಪೀತ್ ಇಲ್ಲಿ ಎರಡು ಬಾರಿ ಚೆಂಡನ್ನು ನೀರಿಗೆ ಹಾಕಿ ಏಳು ಹೊಡೆತ ತೆಗೆದುಕೊಂಡರು. ಪ್ರಶಸ್ತಿ ಕೈತಪ್ಪಿತು. 2020ರಲ್ಲಿ ಟೈಗರ್ ವುಡ್ಸ್ ಅವರಂಥವರೇ ಇಲ್ಲಿ ಹತ್ತು ಹೊಡೆತ ಕೊಟ್ಟು ಮುಂದೆ ಸಾಗಬೇಕಾಯಿತು.

ಉದ್ದ ಹಿಗ್ಗಿಸಿದ ಪ್ರಯೋಗ

ಉದ್ದವೇ ಉತ್ತರ ಎಂದು ನಂಬಿ ಮಾಡಿದ ದೊಡ್ಡ ಪ್ರಯೋಗವೂ ಇದೇ ಅಗಸ್ಟಾದಲ್ಲಿ ನಡೆದಿದೆ. 1997ರಲ್ಲಿ 21 ವರ್ಷದ ಟೈಗರ್ ವುಡ್ಸ್ ಪಾರ್‌ಗಿಂತ 18 ಕಡಿಮೆ ಹೊಡೆತಗಳಲ್ಲಿ, ಎರಡನೆಯ ಸ್ಥಾನದವರಿಗಿಂತ 12 ಹೊಡೆತಗಳ ಅಂತರದಲ್ಲಿ ಗೆದ್ದಾಗ ಮೈದಾನದ ಉದ್ದ 6,925 ಗಜವಿತ್ತು. 2002ರ ಹೊತ್ತಿಗೆ ಅದನ್ನು 7,270 ಗಜಕ್ಕೂ 2006ರಲ್ಲಿ 7,445 ಗಜಕ್ಕೂ ಏರಿಸಲಾಯಿತು.

ಫಲಿತಾಂಶ? 2007ರಲ್ಲಿ ಗೆದ್ದವರು ದೂರ ಹೊಡೆಯುವುದಕ್ಕೆ ಹೆಸರಾಗಿರದ ಜ್ಯಾಕ್ ಜಾನ್ಸನ್. ಪಾರ್ 5 ಹೋಲ್‌ಗಳಲ್ಲಿ ಒಮ್ಮೆಯೂ ಅವರು ಎರಡು ಹೊಡೆತದಲ್ಲಿ ಗ್ರೀನ್ ತಲುಪುವ ಸಾಹಸಕ್ಕೆ ಇಳಿಯಲಿಲ್ಲ. ಮೂರನೆಯ ಹೊಡೆತವನ್ನು ಗುಳಿಯ ಹತ್ತಿರ ಇಳಿಸಿ, ಆ ಹೋಲ್‌ಗಳಲ್ಲೇ ಒಟ್ಟು 11 ಹೊಡೆತ ಉಳಿಸಿದರು. ಚಳಿ, ಗಾಳಿ, ಗಟ್ಟಿ ಗ್ರೀನ್‌ಗಳ ನಡುವೆ ಅವರ ಒಟ್ಟು ಮೊತ್ತ 289, ಪಾರ್‌ಗಿಂತ ಒಂದು ಹೆಚ್ಚು. 2020ರಲ್ಲಿ ಉದ್ದ 7,475 ಗಜ. ಅಂದರೆ 30 ಗಜವಷ್ಟೇ ವ್ಯತ್ಯಾಸ. ಆ ವರ್ಷ ಪಂದ್ಯಾವಳಿ ಏಪ್ರಿಲ್ ಬದಲು ನವೆಂಬರ್‌ನಲ್ಲಿ ನಡೆಯಿತು. ಮಳೆಗೆ ನೆಲ ಮೆತ್ತಗಿತ್ತು. ಡಸ್ಟಿನ್ ಜಾನ್ಸನ್ 268 ಹೊಡೆತಗಳಲ್ಲಿ ಗೆದ್ದು ದಾಖಲೆ ಬರೆದರು. ಹೆಚ್ಚುಕಡಿಮೆ ಅದೇ ಉದ್ದ, ಅದೇ ಮೈದಾನ. ಗೆದ್ದವರ ನಡುವಿನ ಅಂತರ ಮಾತ್ರ 21 ಹೊಡೆತ!

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಹಾಗೆಂದು ಉದ್ದಕ್ಕೆ ಬೆಲೆಯೇ ಇಲ್ಲವೆಂದಲ್ಲ. ಮೈದಾನಗಳ ಕಾಠಿಣ್ಯ ಅಳೆಯಲು ಇಂದು ಬಳಕೆಯಲ್ಲಿರುವ 'ಕೋರ್ಸ್ ರೇಟಿಂಗ್' ಪದ್ಧತಿ ಆರಂಭವಾಗುವುದೇ ಉದ್ದದಿಂದ. ಆ ಲೆಕ್ಕದ ಪ್ರಕಾರ ಪುರುಷರಲ್ಲಿ ನುರಿತ ಆಟಗಾರನಿಗೆ ಪ್ರತಿ 220 ಗಜಕ್ಕೆ ಒಂದು ಹೊಡೆತ ಹೆಚ್ಚುತ್ತದೆ. ಪ್ರತಿ ಹೋಲ್‌ನಲ್ಲೂ ಸುಮಾರು ಒಂದು ಹೊಡೆತ ಹೆಚ್ಚು ತೆಗೆದುಕೊಳ್ಳುವ ಸಾಮಾನ್ಯ ಆಟಗಾರನಿಗೆ 160 ಗಜಕ್ಕೇ ಒಂದು ಹೊಡೆತ ಹೆಚ್ಚುತ್ತದೆ. ಮೈದಾನವನ್ನು 660 ಗಜ ಉದ್ದ ಮಾಡಿದರೆ ನುರಿತವನಿಗೆ ಮೂರು ಹೊಡೆತದ ಹೊರೆ, ಸಾಮಾನ್ಯನಿಗೆ ನಾಲ್ಕಕ್ಕೂ ಹೆಚ್ಚು.

ಕಾರಣ ಸರಳವಾಗಿದೆ. ಈ ಪದ್ಧತಿಯಲ್ಲಿ ನುರಿತ ಆಟಗಾರ 470 ಗಜದ ಹೋಲ್ ಅನ್ನು ಎರಡು ಹೊಡೆತದಲ್ಲಿ ತಲುಪಬಲ್ಲ, ಸಾಮಾನ್ಯನಿಗೆ ಸಾಧ್ಯವಾಗುವುದು 370 ಗಜ. 360 ಗಜದ ಹೋಲ್ ಅನ್ನು 420 ಗಜಕ್ಕೆ ಹಿಗ್ಗಿಸಿದರೆ ಮೊದಲನೆಯವನು ಎರಡನೆಯ ಹೊಡೆತಕ್ಕೆ ಬೇರೊಂದು ಕೋಲು ಎತ್ತಿಕೊಳ್ಳುತ್ತಾನೆ, ಅಷ್ಟೆ. ಎರಡನೆಯವನಿಗೆ ಗ್ರೀನ್ ಕೈಗೆಟುಕದಾಗುತ್ತದೆ. ವಯಸ್ಸಾದವರ, ಹೊಸಬರ ಪಾಡು ಇನ್ನೂ ಕಷ್ಟ. ವೃತ್ತಿಪರರು ದೂರ ಹೊಡೆಯುತ್ತಾರೆಂದು ಮೈದಾನ ಹಿಗ್ಗಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಉದ್ದವನ್ನು ಅಳೆದ ನಂತರ ಅದೇ ಪದ್ಧತಿ ಹತ್ತು ಅಂಶಗಳನ್ನು ಪರಿಶೀಲಿಸುತ್ತದೆ. ನೆಲದ ಏರಿಳಿತ, ಫೇರ್‌ವೇ ಅಗಲ, ಗ್ರೀನ್‌ನ ಗಾತ್ರ, ರಫ್, ಬಂಕರ್, ನೀರು, ಮರ, ಗಡಿ, ಗ್ರೀನ್‌ನ ಮೇಲ್ಮೈ ಇವೆಲ್ಲ ಅದರಲ್ಲಿ ಸೇರಿವೆ. ಕೊನೆಯ ಅಂಶ ಸ್ವಾರಸ್ಯಕರ. ಅದು ಆಟಗಾರನ ಮನಸ್ಸಿನ ಮೇಲಾಗುವ ಪರಿಣಾಮ!

ಬೆಂಗಳೂರಿನ ಗಾಳಿ, ದೆಹಲಿಯ ಪೊದೆ

ಈ ಚರ್ಚೆ ನಮ್ಮ ದೇಶಕ್ಕೆ ದೂರದ್ದಲ್ಲ. ಬ್ರಿಟನ್ನಿನ ಹೊರಗಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ 1829ರಲ್ಲಿ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಇಂಥ ಹಳೆಯ ಮೈದಾನಗಳ ಸುತ್ತ ಈಗ ನಗರ ಬೆಳೆದು ನಿಂತಿದೆ. ಹಿಗ್ಗಿಸೋಣವೆಂದರೂ ಜಾಗವೆಲ್ಲಿ? ಹಿಗ್ಗಿಸಿದರೂ ಆ ಹುಲ್ಲಿಗೆ ನೀರೆಲ್ಲಿ? ಉದ್ದವೊಂದೇ ಯೋಗ್ಯತೆಯಾದರೆ ಇವು ಹಳೆಯ ಕಾಲದ ನೆನಪುಗಳಾಗಿ ಮಾತ್ರ ಉಳಿಯಬೇಕಾಗುತ್ತದೆ.

ಗಜದ ಲೆಕ್ಕ ಊರಿಂದ ಊರಿಗೆ ಬದಲಾಗುವುದೂ ಉಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ತೆಳು. ಅದೇ ಹೊಡೆತಕ್ಕೆ ಚೆಂಡು ಮಂಗಳೂರಿಗಿಂತ ಬೆಂಗಳೂರಿನಲ್ಲಿ ತುಸು ಹೆಚ್ಚು ದೂರ ಹಾರುತ್ತದೆ. ಆದ್ದರಿಂದಲೇ ರೇಟಿಂಗ್ ನೀಡುವಾಗ ಎತ್ತರವನ್ನೂ ಬೀಸುವ ಗಾಳಿಯನ್ನೂ ಗಣನೆಗೆ ತೆಗೆದುಕೊಳ್ಳಲಾಗುತ್ತದೆ.

ದೆಹಲಿ ಗಾಲ್ಫ್ ಕ್ಲಬ್ಬಿನ ಹಾದಿಗಳ ಇಕ್ಕೆಲಗಳಲ್ಲೂ ದಟ್ಟ ಪೊದೆಗಳಿವೆ. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಆಡಲು ಬಂದ ರೋರಿ ಮೆಕಿಲ್ರಾಯ್, ಅತಿ ದೂರ ಹೊಡೆಯುವ 'ಡ್ರೈವರ್' ಕೋಲನ್ನು ಬಳಸದಿರಲು ಮೊದಲೇ ನಿರ್ಧರಿಸಿದ್ದರು. ಹಾದಿ ತಪ್ಪಿದ ಚೆಂಡು ಪೊದೆಯಲ್ಲಿ ಸಿಗುವ ಭರವಸೆಯಿಲ್ಲ. ಆದರೂ ಟಾಮಿ ಫ್ಲೀಟ್‌ವುಡ್ ಪಾರ್‌ಗಿಂತ 22 ಕಡಿಮೆ ಹೊಡೆತಗಳಲ್ಲಿ ಗೆದ್ದರು. ಕಿರಿದಾದ ಹಾದಿಯೊಂದೇ ಮೈದಾನವನ್ನು ಕಠಿಣ ಮಾಡುವುದಿಲ್ಲ ಎಂಬುದಕ್ಕೆ ಇದೂ ಸಾಕ್ಷಿ. ನೇರವಾಗಿ ಹೊಡೆಯಬಲ್ಲವನಿಗೆ ಅದು ದಾರಿ ಬಿಟ್ಟುಕೊಡುತ್ತದೆ.

ನೇರ ಹೊಡೆತ ಮತ್ತು ಕೈಯ ಹದ ಎಲ್ಲಿಗೆ ಕೊಂಡೊಯ್ಯಬಲ್ಲವು ಎಂಬುದನ್ನು ಬೆಂಗಳೂರಿನ ಅದಿತಿ ಅಶೋಕ್ ತೋರಿಸಿಕೊಟ್ಟಿದ್ದಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದವರ ಪೈಕಿ ಅತಿ ಕಡಿಮೆ ದೂರ ಹೊಡೆಯುವವರಲ್ಲಿ ಅವರೂ ಒಬ್ಬರು. ಆದರೂ ಪಟ್ಟಿಂಗ್‌ನ ಬಲದಿಂದ ಪಾರ್‌ಗಿಂತ 15 ಹೊಡೆತ ಉಳಿಸಿ ನಾಲ್ಕನೆಯ ಸ್ಥಾನಕ್ಕೇರಿದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ.

ಚೆಂಡಿಗೆ ಕಡಿವಾಣ

ಚೆಂಡು ಬದಲಾದಾಗಲೆಲ್ಲ ಮೈದಾನ ಹಿಗ್ಗಿದೆ. ಗರಿ ತುಂಬಿದ ತೊಗಲಿನ ಚೆಂಡಿನ ಜಾಗಕ್ಕೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಗಟ್ಟಾಪರ್ಚಾ ಎಂಬ ಮರದಂಟಿನ ಚೆಂಡು ಬಂತು. ಆ ಶತಮಾನದ ಕೊನೆಗೆ ಒಳಗೆ ರಬ್ಬರ್ ದಾರ ಸುತ್ತಿದ ಚೆಂಡು ಬಂತು. ಅಮೆರಿಕದ ವೃತ್ತಿಪರರ ಮೊದಲ ಹೊಡೆತದ ಸರಾಸರಿ 1980ರಲ್ಲಿ ಸುಮಾರು 257 ಗಜವಿದ್ದದ್ದು 2023ರಲ್ಲಿ ಸುಮಾರು 300 ಗಜ ಮುಟ್ಟಿತ್ತು. ಈ ಓಟಕ್ಕೆ ಕೊನೆ ಬೇಕೆಂದು ಆಟದ ನಿಯಮ ರೂಪಿಸುವ ಎರಡೂ ಸಂಸ್ಥೆಗಳು 2020ರ ವರದಿಯಲ್ಲಿ ಹೇಳಿದವು. 2023ರ ಡಿಸೆಂಬರ್‌ನಲ್ಲಿ ಚೆಂಡಿನ ಪರೀಕ್ಷೆಯನ್ನು ಬಿಗಿಗೊಳಿಸುವ ತೀರ್ಮಾನ ಪ್ರಕಟಿಸಿದವು. ಇದರಿಂದ ಅತಿ ದೂರ ಹೊಡೆಯುವವರು 13ರಿಂದ 15 ಗಜ ಕಳೆದುಕೊಳ್ಳುತ್ತಾರೆ, ಹವ್ಯಾಸಿಗಳು ಐದು ಗಜ ಅಥವಾ ಅದಕ್ಕೂ ಕಡಿಮೆ ಎಂಬುದು ಅವರ ಅಂದಾಜು.

ಗಜಕಡ್ಡಿ ಹಿಡಿದವನಿಗೆ ತಿಳಿಯುವುದು ಚೆಂಡು ಎಷ್ಟು ದೂರ ಹೋಗಬೇಕು ಎಂಬುದಷ್ಟೇ. ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು, ಯಾವಾಗ ಧೈರ್ಯ ಮಾಡಬೇಕು, ಯಾವಾಗ ತಡೆದುಕೊಳ್ಳಬೇಕು ಎಂಬ ಪ್ರಶ್ನೆಗಳನ್ನು ಕೇಳುವ ಮೈದಾನವೇ ನಿಜವಾಗಿ ಕಠಿಣ. ಆ ಪ್ರಶ್ನೆ ಕೇಳಲು 123 ಗಜವೂ ಸಾಕು.