ಗೋಡಂಬಿ ತೆಗೆದರೂ ತುಪ್ಪ ಉಳಿದಿತ್ತು

ಕಳೆದ ಬೇಸಿಗೆಯಲ್ಲಿ ಬನವಾಸಿಯ ಮನೆಗೆ ಹೋದಾಗ ನಾಲ್ಕು ವರ್ಷದ ಮಗಳಿಗೆ ಪಾಯಸ ಬಡಿಸಿದ್ದು ನಾನೇ. ಗೋಡಂಬಿ ಆರಿಸಿ ತೆಗೆದಿದ್ದೆ. ಅದನ್ನು ಹುರಿದ ತುಪ್ಪ ಪಾಯಸದಲ್ಲೇ ಇತ್ತಲ್ಲ! ಹತ್ತೇ ನಿಮಿಷಕ್ಕೆ ತುಟಿ ಊದಿ, ಮೈಯೆಲ್ಲ ದದ್ದು, ಉಬ್ಬಸ. ಶಿರಸಿಗೆ 20 ಕಿ.ಮೀ.ಗೂ ಹೆಚ್ಚು. ಆ ದಾರಿ ಎಷ್ಟು ಉದ್ದ ಅಂತ ಅವತ್ತೇ ಗೊತ್ತಾಗಿದ್ದು.

ಆಫೀಸಿನಲ್ಲಿ ಸರ್ವರ್ ಬಿದ್ದರೆ ಯಾರು ಏನು ಮಾಡಬೇಕು ಅಂತ ಬರೆದಿಟ್ಟಿರ್ತೀವಿ. ಮಗಳಿಗೆ ಅಂಥದ್ದೊಂದು ಇರಲೇ ಇಲ್ಲ. ಈಗ ವೈದ್ಯರ ಜೊತೆ ಕೂತು ಬರೆದ ಹಾಳೆ ಫ್ರಿಜ್ ಮೇಲಿದೆ, ಆಯಿ ಕನ್ನಡಕವಿಲ್ಲದೆ ಓದುವಷ್ಟು ದಪ್ಪ ಅಕ್ಷರದಲ್ಲಿ. ಉಸಿರಾಟಕ್ಕೆ ತೊಂದರೆ, ದನಿ ಬದಲಾಗೋದು, ಮಂಪರು ಕಂಡರೆ ಅಲರ್ಜಿ ಸಿರಪ್ ನಂಬಿ ಕೂರಬಾರದು. ಮೊದಲು ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್, ಕೂಡಲೇ 108. ಡೋಸ್ ಕೆ.ಜಿ.ಗೆ 0.01 ಮಿ.ಗ್ರಾಂ, ಅವಳು 15 ಕೆ.ಜಿ., ಅಂದರೆ 0.15. ತೂಕ ಹೆಚ್ಚಿದ ಹಾಗೆ ಹಾಳೆಯೂ ಬದಲಾಗಬೇಕು. ಸಿರಿಂಜ್‌ಗೆ ಔಷಧ ಎಳೆಯೋದನ್ನು ವೈದ್ಯರೇ ಕಲಿಸಿದರು. ಮೊದಲ ಸಲ ನನ್ನ ಕೈ ನಡುಗಿತು. ಮಲಗಿಸಿ ಕಾಲೆತ್ತಿಡಬೇಕು, ಉಬ್ಬಸವಿದ್ದರೆ ಕೂರಿಸಬಹುದು, ನಡೆಸಲೇಬಾರದು. ಐದು ನಿಮಿಷಕ್ಕೂ ಸುಧಾರಿಸದಿದ್ದರೆ ಎರಡನೇ ಡೋಸ್. ಗೋಡಂಬಿ ಆಗದವರಿಗೆ ಪಿಸ್ತಾ ಕೂಡ ಆಗದಿರೋದು ಹೆಚ್ಚು, ಹಾಗಾಗಿ ಅದೂ ಬಂದ್.

ಮೊದಲೆಲ್ಲ "ಒಂದು ಚೂರಿಗೆ ಎಂತಾ ಆಗ್ತಿಲ್ಲೆ" ಅನ್ನುತ್ತಿದ್ದ ಆಯಿ, ಚೌತಿಗೆ ಮೊದಲು ತಾನೇ ಫೋನ್ ಮಾಡಿದಳು: "ಕೂಸಿಗೆ ಬಾಣಲೆ, ಸೌಟು ಎಲ್ಲಾ ಬೇರೆ ಇಟ್ಟಿದ್ದಿ, ಬನ್ನಿ."