ಹೈಪರ್‌ಸಾನಿಕ್ ವಿಮಾನದ ನಿಷ್ಕಾಸ ನಳಿಕೆ

ಇಂಡಿಯಿಂದ ಮುದ್ದೇಬಿಹಾಳಕ್ಕೆ ನೇರವಾಗಿ ಅಳೆದರೆ ಸುಮಾರು 95 ಕಿಲೋಮೀಟರು ದೂರವಿದೆ. ಶಬ್ದದ ಆರು ಮಡಿ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 1.8 ಕಿಲೋಮೀಟರಿನಂತೆ, ಸಾಗುವ ವಿಮಾನವು ಇಷ್ಟು ದೂರವನ್ನು ಒಂದು ನಿಮಿಷದೊಳಗಾಗಿ ಕ್ರಮಿಸಬಲ್ಲುದು. ಶಬ್ದದ ಐದು ಮಡಿಯನ್ನು ಮೀರಿದ ವೇಗಕ್ಕೆ ಹೈಪರ್‌ಸಾನಿಕ್ ಎಂದು ಹೆಸರು. ಇಂತಹ ವಿಮಾನಕ್ಕೆ ತಕ್ಕ ಎಂಜಿನ್ನು ಸ್ಕ್ರಾಮ್‌ಜೆಟ್. ಮುಂದಿನಿಂದ ನುಗ್ಗಿದ ಗಾಳಿಯು ಶಬ್ದವನ್ನು ಮೀರಿದ ವೇಗದಲ್ಲಿ ಒಳಗೆ ಹರಿಯುತ್ತಿರುವಾಗಲೇ ಅದರಲ್ಲಿ ಇಂಧನವು ಉರಿಯುತ್ತದೆ. ಕಾದ ಅನಿಲವು ಹಿಂದಿನ ನಳಿಕೆಯಿಂದ ಹೊರಬೀಳುತ್ತದೆ. ಈ ನಳಿಕೆಗೇ ನಾಜಲ್ ಎನ್ನುವರು. ಇದರ ಆಕಾರವನ್ನು ಕುರಿತು ವಿಜ್ಞಾನಿಗಳಿಗೆ ಇಷ್ಟು ಚಿಂತೆಯೇಕೆ?

ಒಂದು ಸುಲಭವಾದ ಲೆಕ್ಕವನ್ನು ಮಾಡಿ ನೋಡೋಣ. ಗಾಳಿಯು ಸೆಕೆಂಡಿಗೆ 1,800 ಮೀಟರ್ ವೇಗದಲ್ಲಿ ಒಳಹೊಕ್ಕು, 2,000 ಮೀಟರ್ ವೇಗದಲ್ಲಿ ಹೊರಬೀಳುವುದೆಂದು ಭಾವಿಸಿರಿ. ಎಂಜಿನ್ನಿನ ನೂಕುಬಲವು ಮುಖ್ಯವಾಗಿ ಇವೆರಡರ ವ್ಯತ್ಯಾಸವನ್ನು, ಎಂದರೆ 200 ಮೀಟರನ್ನು, ಅವಲಂಬಿಸಿದೆ. ನಳಿಕೆಯ ದೋಷದಿಂದ ಹೊರಬೀಳುವ ವೇಗವು ಶೇಕಡಾ 5ರಷ್ಟು ಕುಗ್ಗಿ 1,900ಕ್ಕೆ ಇಳಿದರೆ, ನೂಕುಬಲವು ಅರ್ಧವಾಗುತ್ತದೆ! ಶೇಕಡಾ 10ರಷ್ಟು ಕುಗ್ಗಿದರೆ ಅದು ಸೊನ್ನೆ. ಇಂಧನವು ಧಗಧಗನೆ ಉರಿಯುತ್ತಿದ್ದರೂ ವಿಮಾನವು ಮುಂದಕ್ಕೆ ನೂಕಲ್ಪಡದು.

ನಳಿಕೆಯ ಆಕಾರ ಹೇಗಿರಬೇಕು? ಸಿಂದಗಿಯ ಕಡೆಗೆ ನೀರುಣಿಸುವ ಇಂಡಿ ಶಾಖಾ ಕಾಲುವೆಯಂತಹ ಕಾಲುವೆಯು ಕಿರಿದಾದೆಡೆ ನೀರಿನ ವೇಗವು ಹೆಚ್ಚುವುದಷ್ಟೆ. ಶಬ್ದಕ್ಕಿಂತ ನಿಧಾನವಾಗಿ ಹರಿಯುವ ಅನಿಲವೂ ಹಾಗೆಯೇ. ಆದರೆ ಶಬ್ದವನ್ನು ಮೀರಿದ ಅನಿಲದ ಸ್ವಭಾವವು ಇದಕ್ಕೆ ವಿರುದ್ಧವಾದುದು: ದಾರಿ ಅಗಲವಾದಂತೆ ಅದು ಬಹಳವಾಗಿ ಹಿಗ್ಗಿ, ವಿರಳವಾಗಿ, ಮತ್ತಷ್ಟು ವೇಗವನ್ನು ಪಡೆಯುತ್ತದೆ. ಆದುದರಿಂದ ಈ ನಳಿಕೆಯು ಹಿಂದಕ್ಕೆ ಹೋದಂತೆ ಅಗಲವಾಗುತ್ತ ಸಾಗಬೇಕು.

ಎಷ್ಟು ಅಗಲ? ಹೊರಬೀಳುವ ಅನಿಲದ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗುವಷ್ಟು. ಅಗಲವು ಸಾಲದಿದ್ದರೆ ಶಕ್ತಿಯು ವ್ಯರ್ಥ. ಹೆಚ್ಚಾದರೆ ಹೊರಗಿನ ಒತ್ತಡವೇ ಮೇಲುಗೈಯಾಗಿ ನೂಕುಬಲವು ಕುಗ್ಗುತ್ತದೆ. ಆದರೆ 30 ಕಿಲೋಮೀಟರು ಎತ್ತರದಲ್ಲಿ ಗಾಳಿಯ ಒತ್ತಡವು ನೆಲಮಟ್ಟದ ಸುಮಾರು ನೂರರಲ್ಲೊಂದು ಪಾಲು ಮಾತ್ರ. ಎಲ್ಲ ಎತ್ತರಗಳಿಗೂ ಒಂದೇ ಆಕಾರವು ಒಪ್ಪದು. ನಳಿಕೆಯು ಉದ್ದವಾದರೆ ತೂಕ, ಘರ್ಷಣೆಗಳು ಹೆಚ್ಚು; ಗಿಡ್ಡವಾದರೆ ಅನಿಲವು ಓರೆಯಾಗಿ ಚದರುತ್ತದೆ.

ಇದಕ್ಕೊಂದು ಜಾಣ ಉಪಾಯವುಂಟು. ವಿಮಾನದ ಹಿಂಭಾಗದ ಕೆಳಮೈಯನ್ನೇ ನಳಿಕೆಯ ಒಂದು ಗೋಡೆಯಾಗಿ ಮಾಡಿ, ಇನ್ನೊಂದು ಬದಿಯನ್ನು ತೆರೆದಿಡುವರು. ಹೊರಗಿನ ಒತ್ತಡಕ್ಕೆ ತಕ್ಕಂತೆ ಅನಿಲವು ತಾನೇ ಹಿಗ್ಗುತ್ತದೆ. ಆದರೆ ಅದೇ ಅನಿಲವು ಬಾಲವನ್ನು ಮೇಲೆತ್ತಿ ಮೂತಿಯನ್ನು ಕೆಳಗೆ ಬಾಗಿಸುವುದರಿಂದ, ನಳಿಕೆಯನ್ನೂ ವಿಮಾನವನ್ನೂ ಒಟ್ಟಾಗಿಯೇ ರೂಪಿಸಬೇಕಾಗುತ್ತದೆ.

ಇಂತಹ ವೇಗದ ಪ್ರವಾಹಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಘಾತ ಸುರಂಗಗಳಲ್ಲಿ ಅಭ್ಯಸಿಸುತ್ತಾರೆ; ಅಲ್ಲಿ ಒಂದು ಪ್ರಯೋಗವು ಕಣ್ಣೆವೆಯಿಕ್ಕುವುದರೊಳಗೆ ಮುಗಿಯುತ್ತದೆ. 2016ರ ಆಗಸ್ಟ್ 28ರಂದು ಇಸ್ರೋ ಸಂಸ್ಥೆಯು ಶ್ರೀಹರಿಕೋಟೆಯಿಂದ ಹಾರಿಸಿದ ಸ್ಕ್ರಾಮ್‌ಜೆಟ್ 5 ಸೆಕೆಂಡು ಉರಿಯಿತು. 2020ರ ಸೆಪ್ಟೆಂಬರ್ 7ರಂದು ರಕ್ಷಣಾ ಸಂಶೋಧನಾ ಸಂಸ್ಥೆಯ ವಾಹನದಲ್ಲಿ ಅದು 20 ಸೆಕೆಂಡುಗಳನ್ನು ಮೀರಿತು. ಉರಿಯನ್ನು ಉಳಿಸಿಕೊಳ್ಳುವ ವಿದ್ಯೆ ಹೀಗೆ ಕೈಗೂಡುತ್ತಿದೆ. ಆ ಉರಿಯನ್ನು ನೂಕುಬಲವಾಗಿ ಮಾರ್ಪಡಿಸುವ ಹೊಣೆ ಮಾತ್ರ ನಳಿಕೆಯದು. ಬಸವನ ಬಾಗೇವಾಡಿಯ ಶಾಲೆಯಲ್ಲಿ ನ್ಯೂಟನ್ನನ ನಿಯಮಗಳನ್ನು ಕಲಿಯುತ್ತಿರುವ ವಿದ್ಯಾರ್ಥಿಯೂ ಮೇಲಿನ ಕಳೆಯುವ ಲೆಕ್ಕದಿಂದ ಅದರ ಮಹತ್ವವನ್ನು ಅರಿಯಬಲ್ಲನು.